ಅಯೋ ಒಳಕ್ಕೆ, ಟೈಟಾನ್ ಹೊರಕ್ಕೆ: ದೈತ್ಯಗ್ರಹಗಳ ಚಂದ್ರರ ಸರಿದಾಟದ ಲೆಕ್ಕ ಎಲ್ಲಿ ತಪ್ಪುತ್ತಿದೆ?

ಸುಮತಿ, ಡೊಂಬಿವಲಿ

ಕನ್ನಡ ಮಾಧ್ಯಮದ ಒಂಬತ್ತನೇ ತರಗತಿ ಮಕ್ಕಳಿಗೆ ಒಂದು ಫಲಕ ತಯಾರಾಗುತ್ತಿದೆ. ನಮ್ಮ ಚಂದ್ರ ವರ್ಷಕ್ಕೆ 3.8 ಸೆಂ.ಮೀ. ದೂರ ಸರಿಯುತ್ತಾನೆ ಅನ್ನುವುದು ಮಕ್ಕಳಿಗೆ ಗೊತ್ತು. ಗುರು, ಶನಿಯ ಚಂದ್ರರು ಎಷ್ಟು ಸರಿಯುತ್ತಾರೆ ಎಂದು ಪಕ್ಕದಲ್ಲಿ ಬರೆಯಬೇಕು. ಎಕ್ಸೆಲ್‌ನಲ್ಲಿ ಹಾಕಿರುವ ಸೂತ್ರ ಹೀಗಿದೆ:

ವರ್ಷಕ್ಕೆ ಸರಿಯುವ ದೂರ = 3 × (ಗ್ರಹದ ಕೆ2/ಕ್ಯೂ) × (ಚಂದ್ರನ ದ್ರವ್ಯರಾಶಿ ÷ ಗ್ರಹದ ದ್ರವ್ಯರಾಶಿ) × (ಗ್ರಹದ ತ್ರಿಜ್ಯ ÷ ಕಕ್ಷೆಯ ತ್ರಿಜ್ಯ)⁵ × ಕೋನವೇಗ × ಕಕ್ಷೆಯ ತ್ರಿಜ್ಯ

(ಕೆ2 ಅಂದರೆ ಸೆಳೆತಕ್ಕೆ ಗ್ರಹದ ಮೈ ಎಷ್ಟು ಉಬ್ಬುತ್ತದೆ ಅನ್ನುವ ಅಳತೆ. ಕ್ಯೂ ಒಳಗಿನ ಘರ್ಷಣೆಯದು, ಘರ್ಷಣೆ ಹೆಚ್ಚಿದರೆ ಕ್ಯೂ ಕಡಿಮೆ.) ಗುರುವಿನ ಚಂದ್ರ ಅಯೋಗೆ 1.9 ಸೆಂ.ಮೀ. ಬಂತು. ಶನಿಯ ಚಂದ್ರ ಟೈಟಾನ್‌ಗೆ ಶನಿಯ ಕ್ಯೂ 18,000, ಕೆ2 0.39 ಎಂದು ಹಾಕಿದರೆ ವರ್ಷಕ್ಕೆ 0.13 ಮಿಲಿಮೀಟರ್ ಬರುತ್ತದೆ. ಆದರೆ ಶನಿಯನ್ನು ಸುತ್ತಿದ ಕ್ಯಾಸಿನಿ ನೌಕೆಯ ಮಾಹಿತಿಯಿಂದ 2020ರಲ್ಲಿ ಪ್ರಕಟವಾದ ಅಂಕಿ 11 ಸೆಂ.ಮೀ.! ಸುಮಾರು ಒಂಬೈನೂರು ಪಟ್ಟು ವ್ಯತ್ಯಾಸ. ಸೂತ್ರ ತಪ್ಪೋ, ಅಂಕಿ ತಪ್ಪೋ? ಬಲ್ಲವರು ಸಾಲು ಸಾಲಾಗಿ ನೋಡಿ ಹೇಳಬೇಕು.

ಖಡಕ್‌ವಾಸ್ಲಾ, ಪುಣೆ

ಸೂತ್ರ ಸರಿ ಐತ್ರಿ ಅಕ್ಕಾರ. ನಿಮ್ಮ 1.9ನ್ನ 6.28ರಿಂದ ಗುಣಿಸಿ ನೋಡ್ರಿ, 12ರ ಹತ್ರ ಬರ್ತದ. ಕೋನವೇಗದ ಕಾಲಮ್ಮಿನೊಳಗ ನೀವು 365.25 ÷ 1.769 ಅಂತ ಹಾಕೀರಿ, ಅದು 206. ಅದು ವರ್ಷಕ್ಕೆ ಎಷ್ಟು ಸುತ್ತು ಅನ್ನೋ ಲೆಕ್ಕ. ಸೂತ್ರಕ್ಕ ಬೇಕಾದದ್ದು ರೇಡಿಯನ್. 2 × ಪೈ ಇಂದ ಗುಣಿಸಿದರ 1,297. ಈ ಲೆಕ್ಕದಾಗ ಎಲ್ಲಾರೂ ಎಡವೋದು ಇಲ್ಲೇ.

ಅಯೋದ್ದು ಪೂರಾ ಬಿಡಿಸಿ ಬರೀತೀನಿ, ಒಂದೊಂದು ಖಾನೆ ತಾಳೆ ನೋಡ್ರಿ.

ಗುರುವಿನ ಕೆ2/ಕ್ಯೂ: 1.1 × 10⁻⁵
ದ್ರವ್ಯರಾಶಿ ಅನುಪಾತ: 8.93 × 10²² ÷ 1.898 × 10²⁷ = 4.7 × 10⁻⁵
ತ್ರಿಜ್ಯ ಅನುಪಾತ: 71,492 ÷ 4,21,700 = 0.1695. ಅದರ 5ನೇ ಘಾತ 1.4 × 10⁻⁴
ಕೋನವೇಗ × ಕಕ್ಷೆಯ ತ್ರಿಜ್ಯ: 1,297 × 4.217 × 10⁸ ಮೀಟರ್ = 5.47 × 10¹¹ ಮೀಟರ್
ಎಲ್ಲಾ ಗುಣಿಸಿ ಮತ್ತ 3ರಿಂದ ಗುಣಿಸಿದರ 0.119 ಮೀಟರ್. ವರ್ಷಕ್ಕ 12 ಸೆಂ.ಮೀ.

ಇನ್ನೊಂದು ಎಚ್ಚರಿಕೆ. ತ್ರಿಜ್ಯದ ಜಾಗಾದಾಗ ವ್ಯಾಸ ಬಿದ್ದರ 5ನೇ ಘಾತದಿಂದ ಉತ್ತರ 32 ಪಟ್ಟು ಉಬ್ಬತದ. ಉತ್ತರ 32 ಪಟ್ಟು ಆಚೀಚಿ ಕಂಡರ ಮೊದಲ ಅದನ್ನ ನೋಡ್ರಿ, 6.28 ಪಟ್ಟು ಕಂಡರ ಪೈ ನೋಡ್ರಿ. ಟೈಟಾನಿನ 0.13 ಮಿ.ಮೀ. ಸುದ್ದಾ ಇದೇ ತಿದ್ದುಪಡಿಯಿಂದ 0.8 ಮಿ.ಮೀ. ಆಗತದ. ಉಳಿದ ಅಂತರ ನಿಮ್ಮ ತಪ್ಪಲ್ಲ, ಅದು ಶನಿ ಒಳಗಿನ ಮಾತು. ಅದಕ್ಕ ಆಮೇಲೆ ಬರೋಣ.

ಮಾಂಡವಿ ತೀರ, ಪಣಜಿ

ಲೆಕ್ಕ ಸರಿಯಾಯಿತು. ಈ ಸೂತ್ರದ ಹಿಂದೆ ಏನು ನಡೆಯುತ್ತದೆ ಅನ್ನುವುದೂ ಫಲಕದ ಮೇಲೆ ಬರಲಿ. ಇಲ್ಲದಿದ್ದರೆ ಮಕ್ಕಳಿಗೆ ಇದು ಬರೀ ಗುಣಾಕಾರ.

ಅಯೋದ ಸೆಳೆತಕ್ಕೆ ಗುರುವಿನ ಮೈ ಎರಡೂ ಕಡೆ ಉಬ್ಬುತ್ತದೆ. ಉಬ್ಬಿನ ಎತ್ತರ ಸುಮಾರು 25 ಮೀಟರ್. ಗುರು 9 ಗಂಟೆ 55 ನಿಮಿಷಕ್ಕೊಮ್ಮೆ ತನ್ನ ಸುತ್ತ ತಿರುಗುತ್ತಾನೆ, ಅಯೋ ಒಂದು ಸುತ್ತು ಬರಲು ನಲವತ್ತೆರಡೂವರೆ ಗಂಟೆ ತೆಗೆದುಕೊಳ್ಳುತ್ತದೆ. ಗ್ರಹದ ಒಳಗೆ ಘರ್ಷಣೆ ಇರುವುದರಿಂದ ಉಬ್ಬು ಏಳುವುದೂ ಇಳಿಯುವುದೂ ಸ್ವಲ್ಪ ತಡ. ಅಷ್ಟರಲ್ಲಿ ಗ್ರಹದ ತಿರುಗುವಿಕೆ ಆ ಉಬ್ಬನ್ನು ಅಯೋ ಇರುವ ನೇರಕ್ಕಿಂತ ಮುಂದಕ್ಕೆ ಒಯ್ದಿರುತ್ತದೆ. ಮುಂದಿರುವ ಉಬ್ಬು ಅಯೋವನ್ನು ಅದು ಸಾಗುವ ದಿಕ್ಕಿಗೇ ಎಳೆಯುತ್ತದೆ. ಗ್ರಹ ತನ್ನ ತಿರುಗುವಿಕೆಯ ಕೋನೀಯ ಸಂವೇಗ ಕಳೆದುಕೊಳ್ಳುತ್ತದೆ, ಚಂದ್ರ ಅದನ್ನು ಪಡೆದು ಹೊರಗೆ ಸರಿಯುತ್ತದೆ.

ಎಷ್ಟು ಮುಂದೆ? ಕ್ಯೂ ಅಂದರೆ ಅದೇ. ಉಬ್ಬು ಮುಂದಿರುವ ಕೋನ, ರೇಡಿಯನ್‌ನಲ್ಲಿ, 1 ÷ (2 × ಕ್ಯೂ). ಗುರುವಿಗೆ ಅಯೋದ ಉಬ್ಬರದಲ್ಲಿ ಕ್ಯೂ ಸುಮಾರು 35,000. ತ್ರಿಜ್ಯದಿಂದ ಗುಣಿಸಿ ನೋಡಿ: ಉಬ್ಬಿನ ತುದಿ ಅಯೋದ ನೇರದಿಂದ ಬರೀ 1 ಕಿಲೋಮೀಟರ್ ಮುಂದಿದೆ! 71,492 ಕಿ.ಮೀ. ತ್ರಿಜ್ಯದ ಗ್ರಹ, ಅದರ ಮೇಲೆ 25 ಮೀಟರಿನ ಉಬ್ಬು, ಅದು 1 ಕಿ.ಮೀ. ಓರೆ. ನಮ್ಮ ಚಂದ್ರನಿಗಿಂತ ಭಾರವಾದ ಅಯೋವನ್ನು ತಳ್ಳುವುದು ಅಷ್ಟೇ. ಫಲಕದಲ್ಲಿ ಒಂದೇ ಒಂದು ಚಿತ್ರಕ್ಕೆ ಜಾಗ ಇದ್ದರೆ ಇದನ್ನೇ ಬರೆಯಿರಿ. ಕೋನವನ್ನು ಹಿಗ್ಗಿಸಿ ತೋರಿಸಲಾಗಿದೆ ಎಂದು ಕೆಳಗೆ ಬರೆಯಲು ಮರೆಯಬೇಡಿ, ಪುಸ್ತಕಗಳಲ್ಲಿ 30 ಡಿಗ್ರಿ ಓರೆ ಮಾಡಿ ಬರೆದ ಚಿತ್ರ ನೋಡಿ ಮಕ್ಕಳು ಅದೇ ನಿಜ ಅಂದುಕೊಳ್ಳುತ್ತಾರೆ.

ದಿಕ್ಕು ನಿರ್ಧರಿಸುವುದು ಒಂದು ಗಡಿ. ಗ್ರಹ ತಿರುಗುವಷ್ಟೇ ಹೊತ್ತಿನಲ್ಲಿ ಸುತ್ತು ಮುಗಿಸುವ ಕಕ್ಷೆ ಗುರುವಿಗೆ ಕೇಂದ್ರದಿಂದ 1,60,000 ಕಿ.ಮೀ. ಹತ್ತಿರ, ಶನಿಗೆ 1,12,000 ಕಿ.ಮೀ. ಹತ್ತಿರ. ಅದರಾಚೆ ಇರುವ ಚಂದ್ರ ಹೊರಕ್ಕೆ, ಒಳಗಿರುವುದು ಒಳಕ್ಕೆ. ಗುರುವಿನ ಮೆಟಿಸ್, ಅಡ್ರಾಸ್ಟಿಯಾ ಎರಡೂ 1,30,000 ಕಿ.ಮೀ. ಒಳಗಿವೆ, ಆದ್ದರಿಂದ ಒಳಕ್ಕೆ ಬರುತ್ತಿವೆ. ಮಂಗಳನ ಫೋಬೋಸ್‌ನದೂ ಅದೇ ಕಥೆ, ವರ್ಷಕ್ಕೆ ಸುಮಾರು 1.8 ಸೆಂ.ಮೀ.

ಸುಮತಿ, ಡೊಂಬಿವಲಿ

ಇಬ್ಬರಿಗೂ ಧನ್ಯವಾದ. ಪೈ ತಿದ್ದಿದ ಮೇಲೆ ಅಯೋ 12 ಸೆಂ.ಮೀ., ಟೈಟಾನ್ 0.8 ಮಿ.ಮೀ. ಆದರೆ ಅಯೋದ್ದೇ ಇನ್ನೊಂದು ತೊಡಕು. ಅದು ನಿಜವಾಗಿ ಒಳಕ್ಕೆ ಬರುತ್ತಿದೆ ಎಂದು 2009ರ ವಿಶ್ಲೇಷಣೆ ಹೇಳುತ್ತದೆಯಲ್ಲ? 4,21,700 ಕಿ.ಮೀ. ಅಂದರೆ ಗಡಿಯಿಂದ ಎಷ್ಟೋ ಹೊರಗೆ. ಮತ್ತೆ, ಅದೇ ವಿಶ್ಲೇಷಣೆಯಲ್ಲಿ ಕೆ2/ಕ್ಯೂ 0.015 ಎಂದೂ ಇದೆ. ಅದನ್ನು ಹಾಕಿದರೆ ವರ್ಷಕ್ಕೆ 160 ಮೀಟರ್ ಬರುತ್ತದೆ, ಅದಂತೂ ಸಾಧ್ಯವಿಲ್ಲ.

ಖಡಕ್‌ವಾಸ್ಲಾ, ಪುಣೆ

0.015 ಗುರುವಿಂದಲ್ರಿ, ಅಯೋದ್ದು. ಗ್ರಹದೊಳಗಿನ ಘರ್ಷಣೆ ಬ್ಯಾರೆ, ಚಂದ್ರನೊಳಗಿಂದು ಬ್ಯಾರೆ. ಎರಡಕ್ಕೂ ಕೆ2/ಕ್ಯೂ ಅಂತನ ಹೆಸರು, ಎಡವಟ್ಟು ಆಗೋದು ಅದಕ್ಕ. ಎಕ್ಸೆಲ್‌ನಾಗ ಎರಡು ಕಾಲಮ್ ಮಾಡಿ 'ಗ್ರಹದ್ದು', 'ಚಂದ್ರನದ್ದು' ಅಂತ ತಲಿಬರಹ ಕೊಟ್ಟುಬಿಡ್ರಿ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇರೋದೂ ಅಲ್ಲೇ.

ಗ್ರಹದ ಘರ್ಷಣೆ ಚಂದ್ರನ್ನ ಹೊರಗ ದೂಡತದ. ಚಂದ್ರನೊಳಗಿನ ಘರ್ಷಣೆ ಕಕ್ಷೆಯ ಶಕ್ತಿ ತಿಂತದ, ಆದರ ಕೋನೀಯ ಸಂವೇಗ ತಿನ್ನಂಗಿಲ್ಲ. ಸಂವೇಗ ಹಂಗ ಇದ್ದು ಶಕ್ತಿ ಮಾತ್ರ ಇಳಿದರ ಕಕ್ಷೆ ಸಣ್ಣದಾಗತದ, ದುಂಡಗಾಗತದ. ಒಂಟಿ ಚಂದ್ರ ಆಗಿದ್ದರ ದುಂಡಗಾದ ಮೇಲೆ ಬಿಸಿ ನಿಂತುಬಿಡತಿತ್ತು. ಅಯೋ ಒಂಟಿ ಅಲ್ಲ. ಅದು 1.769 ದಿನಕ್ಕ, ಯುರೋಪಾ 3.551 ದಿನಕ್ಕ, ಗ್ಯಾನಿಮೀಡ್ 7.155 ದಿನಕ್ಕ ಒಂದು ಸುತ್ತು. 1, 2, 4. ಸುತ್ತಿನ ಕಾಲ ಹಿಂಗ ತಾಳಕ್ಕ ಕೂಡೋದಕ್ಕ ಅನುರಣನೆ ಅಂತಾರ. ಪ್ರತಿ ಸಲ ಅದೇ ಜಾಗಾದಾಗ ಯುರೋಪಾ ಎಳೆಯೋದರಿಂದ ಅಯೋದ ಉತ್ಕೇಂದ್ರತೆ (ಕಕ್ಷೆ ದುಂಡಗಿಲ್ಲದೆ ಎಷ್ಟು ಉದ್ದಾಗೈತಿ ಅನ್ನೋ ಅಳತಿ) 0.0041ಕ್ಕಿಂತ ಕೆಳಗ ಇಳಿಯಂಗಿಲ್ಲ. ಈ ಅನುರಣನೆಯಿಂದ ಅಯೋ ಕಾಯತದ ಅಂತ ಪೀಲ್, ಕ್ಯಾಸನ್, ರೆನಾಲ್ಡ್ಸ್ ಮೂವರು ಬರೆದದ್ದು 1979ರ ಮಾರ್ಚ್ 2ಕ್ಕ ಅಚ್ಚಾತು. ಮಾರ್ಚ್ 5ಕ್ಕ ವಾಯೇಜರ್ 1 ಗುರುವಿನ ಹತ್ತಿರ ಹಾಯ್ತು, 8ಕ್ಕ ಲಿಂಡಾ ಮೊರಾಬಿಟೊ ಚಿತ್ರದೊಳಗ ಜ್ವಾಲಾಮುಖಿಯ ಬುಗ್ಗೆ ಗುರುತಿಸಿದರು. ಆರು ದಿನ! ಅಯೋದಿಂದ ಹೊರಬೀಳೋ ಶಾಖ ಸುಮಾರು 10¹⁴ ವ್ಯಾಟ್, ಚದರ ಮೀಟರಿಗೆ ಎರಡೂವರೆ ವ್ಯಾಟ್.

ಈಗ ಲೆಕ್ಕ. ಗುರು ಕೊಟ್ಟ ಸಂವೇಗವನ್ನ ಅಯೋ ತನ್ನ ಹತ್ರ ಇಟಗೊಳ್ಳಂಗಿಲ್ಲ, ಅನುರಣನೆಯ ಮೂಲಕ ಯುರೋಪಾಕ್ಕ, ಗ್ಯಾನಿಮೀಡ್‌ಗೆ ದಾಟಸ್ತದ. ಮ್ಯಾಲ ತನ್ನ ಶಕ್ತಿ ಶಾಖವಾಗಿ ಹೋಗತದ. ಜಮಾ ಖರ್ಚು ತೆಗೆದರ ಅಯೋ ವರ್ಷಕ್ಕ 0.4 ಸೆಂ.ಮೀ. ಒಳಗ, ಯುರೋಪಾ 1.9 ಸೆಂ.ಮೀ. ಹೊರಗ, ಗ್ಯಾನಿಮೀಡ್ 11 ಸೆಂ.ಮೀ. ಹೊರಗ.

ಇದನ್ನ ನಂಬೋ ಮೊದಲ ತಾಳೆ ನೋಡಬಹುದು. ಲಾಪ್ಲಾಸ್ ಕಂಡುಕೊಂಡ ನಿಯಮ: ಅಯೋದ ಕೋನವೇಗ, ಅದರಿಂದ ಯುರೋಪಾದ ಮೂರು ಪಟ್ಟು ಕಳೀರಿ, ಗ್ಯಾನಿಮೀಡ್‌ನ ಎರಡು ಪಟ್ಟು ಕೂಡಿಸ್ರಿ, ಸೊನ್ನೆ. ಅಂದಮೇಲೆ ವೇಗ ಬದಲಾಗೋ ದರಕ್ಕೂ ಅದೇ ನಿಯಮ ಹತ್ತಬೇಕು. 10⁻⁸ ರೇಡಿಯನ್/ವರ್ಷ² ಅಳತೆಯೊಳಗ ಅಯೋ +1.8, ಯುರೋಪಾ −2.8, ಗ್ಯಾನಿಮೀಡ್ −5.0. 1.8 + 8.4 − 10.0 = 0.2. ಅಳತೆಯ ದೋಷದ ಮಿತಿಯೊಳಗ ಅದು ಸೊನ್ನೆನ. ಮೂವರೂ ಕೈ ಹಿಡಕೊಂಡೇ ಸರೀತಾರ.

ನಿಗಡಿ ದುರ್ಬೀನು, ಪಿಂಪ್ರಿ-ಚಿಂಚವಡ

ಸುಮತಿಯವರು ಕೇಳಿಲ್ಲ, ಆದರೆ ಮಕ್ಕಳು ಖಂಡಿತ ಕೇಳುವ ಪ್ರಶ್ನೆ ಇದು: ನೂರು ಕೋಟಿ ಕಿ.ಮೀ. ಆಚೆಯ ಚಂದ್ರ 11 ಸೆಂ.ಮೀ. ಸರಿದದ್ದು ಗೊತ್ತಾಗುವುದು ಹೇಗೆ? ನಮ್ಮ ಚಂದ್ರನ ಮೇಲಾದರೆ ಅಪೋಲೋ 11, 14, 15 ಇಟ್ಟ ಪ್ರತಿಫಲಕಗಳಿವೆ, ಲೇಸರ್ ಬಿಟ್ಟು ಅಳೆಯುತ್ತಾರೆ. ಟೈಟಾನ್ ಮೇಲೆ ಅಂಥದ್ದೇನೂ ಇಲ್ಲ.

ದೂರವನ್ನು ಯಾರೂ ನೇರವಾಗಿ ಅಳೆಯುವುದಿಲ್ಲ. ಕಕ್ಷೆ ಕೂದಲೆಳೆಯಷ್ಟು ದೊಡ್ಡದಾದರೂ ಸುತ್ತು ಮುಗಿಸುವ ಸಮಯ ಹಿಗ್ಗುತ್ತದೆ. ಆ ತಡ ಪ್ರತಿ ಸುತ್ತಿನಲ್ಲೂ ಕೂಡುತ್ತಾ ಹೋಗುತ್ತದೆ, ತಡದ ಮೇಲೆ ತಡ. ಆದ್ದರಿಂದ ದಾರಿಯ ಉದ್ದಕ್ಕೂ ಚಂದ್ರ ಹಿಂದೆ ಬೀಳುವ ದೂರ ವರ್ಷಗಳ ವರ್ಗದಂತೆ ಬೆಳೆಯುತ್ತದೆ:

ಹಿಂದೆ ಬಿದ್ದ ದೂರ = ¾ × ವರ್ಷಕ್ಕೆ ಸರಿಯುವ ದೂರ × ಕೋನವೇಗ × ವರ್ಷ²

ಟೈಟಾನ್ ಕೋನವೇಗ ವರ್ಷಕ್ಕೆ 144 ರೇಡಿಯನ್. 2004ರಿಂದ 2017ರ ತನಕ ಕ್ಯಾಸಿನಿ ಇದ್ದ 13 ವರ್ಷದಲ್ಲಿ ಕಕ್ಷೆ ಹಿಗ್ಗಿದ್ದು 1.4 ಮೀಟರ್, ಚಂದ್ರ ಹಿಂದೆ ಬಿದ್ದದ್ದು 2 ಕಿಲೋಮೀಟರ್. ನೂರು ವರ್ಷಕ್ಕೆ 11 ಮೀಟರ್, ಎದುರಿಗೆ 119 ಕಿಲೋಮೀಟರ್.

ಇಷ್ಟಕ್ಕೇ ಖುಷಿಪಡಬಾರದು. ಆ 2 ಕಿ.ಮೀ. ಪೂರ್ತಿ ನಮ್ಮ ಕೈಗೆ ಸಿಗುವುದಿಲ್ಲ. ಆರಂಭದ ಸ್ಥಾನ, ಆರಂಭದ ವೇಗ ಎರಡನ್ನೂ ಅದೇ 13 ವರ್ಷದ ಮಾಹಿತಿಯಿಂದಲೇ ಹೊಂದಿಸಬೇಕು. ಹಾಗೆ ಹೊಂದಿಸುವಾಗ ವಕ್ರರೇಖೆಯ ಬಹುಪಾಲನ್ನು ನೇರರೇಖೆ ನುಂಗಿಬಿಡುತ್ತದೆ, ಉಳಿಯುವ ಬಾಗು ಸುಮಾರು ನಾಲ್ಕನೇ ಒಂದು ಭಾಗ, 500 ಮೀಟರ್. ಹಳೆಯ ವೀಕ್ಷಣೆಗಳಿಗೆ ಬೆಲೆ ಬರುವುದು ಈ ಕಾರಣಕ್ಕೆ. ಗುರುವಿನ ಚಂದ್ರರ 2009ರ ವಿಶ್ಲೇಷಣೆಯಲ್ಲಿ 1891ರಿಂದ 2007ರ ವರೆಗಿನ ವೀಕ್ಷಣೆಗಳನ್ನು ಬಳಸಿದರು. 116 ವರ್ಷದಲ್ಲಿ ಅಯೋ 55 ಕಿ.ಮೀ. ಮುಂದೆ, ಯುರೋಪಾ 125 ಕಿ.ಮೀ. ಹಿಂದೆ, ಗ್ಯಾನಿಮೀಡ್ 365 ಕಿ.ಮೀ. ಹಿಂದೆ. ಅಯೋ ಸೆಕೆಂಡಿಗೆ 17.3 ಕಿ.ಮೀ. ಓಡುತ್ತದೆ, ಹಾಗಾಗಿ ಅದರ ಪಾಲಿಗೆ 3 ಸೆಕೆಂಡ್. ಗ್ಯಾನಿಮೀಡ್‌ಗೆ 33 ಸೆಕೆಂಡ್.

ಸಯನ್ ಸರ್ಕಲ್, ಮುಂಬೈ

ಟೈಟಾನ್ ವಿಷಯಕ್ಕೆ ಬರುವ. ಸುಮತಿ ಟೀಚರೇ, ನೀವು ಹಾಕಿದ ಆ 18,000 ಎಲ್ಲಿಂದ ಬಂತು ಅಂತ ನೋಡಿದರೆ ಅರ್ಧ ಉತ್ತರ ಅಲ್ಲೇ ಉಂಟು. ಅದು ಅಳತೆ ಅಲ್ಲ ಮಾರಾಯ್ರೇ, ಒಂದು ವಾದದ ಫಲ.

1966ರಲ್ಲಿ ಗೋಲ್ಡ್‌ರೈಕ್ ಮತ್ತು ಸೋಟರ್ ಹೀಗೆ ಯೋಚಿಸಿದರು. ಶನಿಯ ಚಂದ್ರ ಮೈಮಾಸ್ ಇವತ್ತು 1,85,500 ಕಿ.ಮೀ. ದೂರದಲ್ಲಿದೆ. ಶನಿ ಹುಟ್ಟಿದಾಗಲೇ ಅದೂ ಹುಟ್ಟಿದ್ದರೆ 450 ಕೋಟಿ ವರ್ಷದಲ್ಲಿ ಇಷ್ಟೇ ಸರಿದಿರಬೇಕು. ಇದಕ್ಕಿಂತ ಬೇಗ ಸರಿಯುವ ಹಾಗಿದ್ದರೆ ಇಷ್ಟು ಹತ್ತಿರ ಇರುತ್ತಲೇ ಇರಲಿಲ್ಲ. ಲೆಕ್ಕ ಹಿಂದಿನಿಂದ ಮಾಡಿದರೆ ಶನಿಯ ಕ್ಯೂ 18,000ದ ಆಸುಪಾಸು, ಅಥವಾ ಹೆಚ್ಚು. ನೀವೇ ಮಾಡಿ ನೋಡಬಹುದು: ಮೈಮಾಸ್‌ಗೆ ಗರಿಷ್ಠ ವಯಸ್ಸು = 88,000 ÷ (ಕೆ2/ಕ್ಯೂ) ವರ್ಷ.

ಇದರಲ್ಲಿ ಎರಡು ಊಹೆ ಅಡಗಿವೆ. ಒಂದು, ಮೈಮಾಸ್ ಅಷ್ಟು ಹಳೆಯದು. ಎರಡು, ಎಲ್ಲಾ ಚಂದ್ರರಿಗೂ ಎಲ್ಲಾ ಕಾಲಕ್ಕೂ ಕ್ಯೂ ಒಂದೇ. ಎರಡನೆಯದಕ್ಕೆ ಅರ್ಧ ಶತಮಾನ ಯಾರಿಗೂ ಗಟ್ಟಿ ಆಧಾರ ಇರಲಿಲ್ಲ, ಆದರೂ ಪಠ್ಯಗಳಲ್ಲೆಲ್ಲ ಕೂತುಬಿಟ್ಟಿತು. 2012ರಲ್ಲಿ ವಲೇರಿ ಲೇನಿ ತಂಡ ವೀಕ್ಷಣೆಗಳಿಂದ ನೇರವಾಗಿ ಅಳೆದಾಗ ಕೆ2/ಕ್ಯೂ 2.3 × 10⁻⁴ ಬಂತು. ಕ್ಯೂ 1,700ರ ಹತ್ತಿರ, ಹಳೆಯದರ ಹತ್ತನೇ ಒಂದು! ಮೇಲಿನ ಲೆಕ್ಕದಲ್ಲಿ ಹಾಕಿ: ಮೈಮಾಸ್‌ಗೆ 40 ಕೋಟಿ ವರ್ಷವೂ ಆಗಿಲ್ಲ ಎಂದಾಗುತ್ತದೆ. ಮೇಲೆ, ಚಂದ್ರನಿಂದ ಚಂದ್ರನಿಗೆ ಕ್ಯೂ ಬೇರೆ ಎಂದೂ ಕಂಡಿತು. ಶನಿಯ ಇನ್ನೊಂದು ಚಂದ್ರ ರಿಯಾಗೆ ಸುಮಾರು 300. ಟೈಟಾನ್‌ಗೆ 2020ರಲ್ಲಿ ಸಿಕ್ಕಿದ್ದು 100ರ ಆಸುಪಾಸು. ನಿಮ್ಮ ಎಕ್ಸೆಲ್‌ನಲ್ಲಿ 100 ಹಾಕಿದರೆ 14 ಸೆಂ.ಮೀ. ಬರುತ್ತದೆ, 125 ಹಾಕಿದರೆ 11.

ಶನಿಯ ಮತ್ತೊಂದು ಚಂದ್ರ ಎನ್ಸೆಲಾಡಸ್‌ಗೆ ಅಷ್ಟು ಶಾಖ ಎಲ್ಲಿಂದ ಎಂಬ ಒಗಟಿಗೂ ಇದರಿಂದಲೇ ಉಸಿರು ಬಂತು. ಅದು ಡಯೋನಿ ಎಂಬ ಚಂದ್ರನ ಜೊತೆ 2:1 ಅನುರಣನೆಯಲ್ಲಿ ಉಂಟು. ಕ್ಯೂ 18,000 ಆದರೆ ಅದಕ್ಕೆ ನಿರಂತರ ಸಿಗುವ ಶಾಖ 1.1 ಗಿಗಾವ್ಯಾಟ್ ಎಂದು 2007ರಲ್ಲಿ ಮೇಯರ್, ವಿಸ್ಡಮ್ ತೋರಿಸಿದ್ದರು. ದಕ್ಷಿಣ ಧ್ರುವದ ಬಿರುಕುಗಳಿಂದ ಹೊರಬರುವುದೇ ಹತ್ತು ಗಿಗಾವ್ಯಾಟ್ ಮೀರಿ. ಕ್ಯೂ ಹತ್ತು ಪಟ್ಟು ಇಳಿದರೆ ಶಾಖ ಹತ್ತು ಪಟ್ಟು ಏರುತ್ತದೆ, ಲೆಕ್ಕ ಕೂಡುತ್ತದೆ.

ಸುಮತಿ, ಡೊಂಬಿವಲಿ

ಒಂದೇ ಗ್ರಹ, ಒಂದೇ ಮೈ. ಹತ್ತಿರದ ಚಂದ್ರನಿಗೆ ಕ್ಯೂ ಸಾವಿರಗಟ್ಟಲೆ, ದೂರದ ಟೈಟಾನ್‌ಗೆ ನೂರು. ಇದನ್ನು ಒಂಬತ್ತನೇ ತರಗತಿಗೆ ಹೇಳುವುದು ಹೇಗೆ?

ಮಾಂಡವಿ ತೀರ, ಪಣಜಿ

ನಮ್ಮ ಕರಾವಳಿಯನ್ನೇ ತೋರಿಸಿ. ಅದೇ ಚಂದ್ರ, ಅದೇ ಅರಬ್ಬಿ ಸಮುದ್ರ. ಪಣಜಿಯಲ್ಲಿ ದೊಡ್ಡ ಉಬ್ಬರದ ದಿನವೂ ಏರಿಳಿತ 2 ಮೀಟರಿನ ಹತ್ತಿರ. ಮುಂಬೈಯಲ್ಲಿ 4.5 ಮೀಟರ್ ಮೀರುವ ಉಬ್ಬರದ ದಿನಗಳ ಪಟ್ಟಿಯನ್ನು ಮಳೆಗಾಲಕ್ಕೆ ಮುಂಚೆ ಪಾಲಿಕೆ ಹೊರಡಿಸುತ್ತದೆ, ಹಾಜಿ ಅಲಿಯ ದಾರಿ ನೀರಲ್ಲಿ ಮುಳುಗುವುದನ್ನು ಮಕ್ಕಳೇ ನೋಡಿರುತ್ತಾರೆ. ಇನ್ನೂ ಉತ್ತರಕ್ಕೆ ಖಂಭಾತ್ ಕೊಲ್ಲಿಯೊಳಗೆ ಭಾವನಗರದಲ್ಲಿ ಅದು 10 ಮೀಟರ್ ಮುಟ್ಟುತ್ತದೆ. ಸೆಳೆತ ಬದಲಾಗಿಲ್ಲ, ಬದಲಾದದ್ದು ಕೊಲ್ಲಿಯ ಆಕಾರ. ಖಂಭಾತ್ ಕೊಲ್ಲಿ ಆಲಿಕೆಯಂತೆ ಕಿರಿದಾಗುತ್ತದೆ, ಅದರ ನೀರು ತನ್ನಷ್ಟಕ್ಕೆ ತೂಗುವ ಅವಧಿಯೂ ಉಬ್ಬರದ ಹನ್ನೆರಡೂವರೆ ಗಂಟೆಯ ಲಯಕ್ಕೆ ಸಮೀಪ.

ಶನಿಯ ಒಳಗೂ ಅಂಥ ತೂಗಾಟಗಳಿವೆ, ಒಂದಲ್ಲ, ನೂರಾರು ಸ್ವರ. ಯಾವ ಚಂದ್ರನ ಲಯ ಯಾವ ಸ್ವರಕ್ಕೆ ತಾಗುತ್ತದೋ ಅದಕ್ಕೆ ಗ್ರಹ ಜೋರಾಗಿ ಸ್ಪಂದಿಸುತ್ತದೆ, ಘರ್ಷಣೆ ಹೆಚ್ಚು, ಕ್ಯೂ ಕಡಿಮೆ. ತಾಗದ ಚಂದ್ರನಿಗೆ ಗ್ರಹ ಬಹುತೇಕ ಮೌನ. ಈ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಿ, ಖಂಭಾತ್ ಕೊಲ್ಲಿ ಅಲೆಯ ಎತ್ತರದ ಮಾತು, ಚಂದ್ರನನ್ನು ತಳ್ಳುವುದಕ್ಕೆ ಉಬ್ಬು ಓರೆಯಾಗುವುದೂ ಬೇಕು.

ಸಯನ್ ಸರ್ಕಲ್, ಮುಂಬೈ

ಆದರೆ ಇಲ್ಲಿ ಒಬ್ಬ ಚುರುಕು ಹುಡುಗಿ ಕೇಳುತ್ತಾಳೆ: ಸ್ವರಕ್ಕೆ ತಾಗಿದ ಚಂದ್ರ ಬೇಗ ಸರಿದು ಆ ಸ್ವರದಿಂದಲೇ ಆಚೆ ಹೋಗಿಬಿಡಬೇಕಲ್ಲ? ಮತ್ತೆ ಮೌನ. ಹಾಗಾದರೆ ಇವತ್ತೇ ನಾವು ನೋಡುವ ಹೊತ್ತಿಗೇ ಟೈಟಾನ್ ಅಲ್ಲಿರುವುದು ಕಾಕತಾಳೀಯವೇ?

ಜಿಮ್ ಫುಲ್ಲರ್, ಜಿಂಗ್ ಲುವಾನ್, ಎಲಿಯಟ್ ಕ್ವಾಟೇರ್ಟ್ 2016ರಲ್ಲಿ ಕೊಟ್ಟ ಉತ್ತರ ಇದು, ಓದಿದಾಗ ಮನಸ್ಸು ತುಂಬುತ್ತದೆ. ಶನಿ ಕಲ್ಲಿನ ಹಾಗೆ ಕೂತಿಲ್ಲ. ತಣಿಯುತ್ತದೆ, ಒಳಗಿನ ರಚನೆ ನಿಧಾನವಾಗಿ ಬದಲಾಗುತ್ತದೆ, ಅದರೊಂದಿಗೆ ಸ್ವರವೂ ಸರಿಯುತ್ತದೆ. ಸ್ವರ ಸರಿದರೆ ಅದಕ್ಕೆ ತಾಗುವ ಕಕ್ಷೆಯೂ ಹೊರಗೆ ಸರಿಯುತ್ತದೆ. ಚಂದ್ರ ಆ ಶಿಖರದ ಹೊರಗಿನ ಇಳಿಜಾರಿನಲ್ಲಿ ಕೂತಿದೆ ಎಂದುಕೊಳ್ಳಿ. ಶಿಖರ ಹಿಂದಿನಿಂದ ಹತ್ತಿರ ಬಂದರೆ ತಳ್ಳು ಜೋರಾಗುತ್ತದೆ, ಚಂದ್ರ ಬೇಗ ಹೊರಗೆ ಹೋಗುತ್ತದೆ. ಜಾಸ್ತಿ ಮುಂದೆ ಹೋದರೆ ತಳ್ಳು ಕುಗ್ಗುತ್ತದೆ, ಶಿಖರ ಮತ್ತೆ ಬಂದು ಮುಟ್ಟುತ್ತದೆ. ಬಿಡಿಸಿಕೊಳ್ಳಲು ದಾರಿಯಿಲ್ಲ. ಇದನ್ನು ಅನುರಣನ ಬಂಧ ಅನ್ನಬಹುದು. ಚಂದ್ರನ ವೇಗ ನಿರ್ಧರಿಸುವುದು ಗ್ರಹ ಬದಲಾಗುವ ವೇಗ, ಚಂದ್ರನ ತೂಕವೂ ಅಲ್ಲ, ದೂರವೂ ಅಲ್ಲ. 5ನೇ ಘಾತದ ಆಟ ಅಲ್ಲಿಗೆ ಮುಗಿಯಿತು.

ಹಳೆಯ ಸೂತ್ರದ ಪ್ರಕಾರ ದೂರ ಮತ್ತು ತೂಕ ಎರಡನ್ನೂ ಲೆಕ್ಕಕ್ಕೆ ಹಿಡಿದರೆ ಟೈಟಾನ್ ಮೈಮಾಸ್‌ನ ಒಂಬತ್ತನೇ ಒಂದು ವೇಗದಲ್ಲಿ ಸರಿಯಬೇಕು. ಬಂಧದ ಪ್ರಕಾರ ಕಕ್ಷೆಯ ಅಳತೆಯನ್ನು ವೇಗದಿಂದ ಭಾಗಿಸಿದರೆ ಎಲ್ಲಾ ಚಂದ್ರರಿಗೂ ಸುಮಾರು ಒಂದೇ ಕಾಲಾವಧಿ ಬರಬೇಕು, ಸಾವಿರ ಕೋಟಿ ವರ್ಷದ ಆಸುಪಾಸು. ಟೈಟಾನ್: 12,21,870 ಕಿ.ಮೀ. ÷ 11 ಸೆಂ.ಮೀ. = 1,100 ಕೋಟಿ ವರ್ಷ. 2016ರಲ್ಲಿ ಹೇಳಿದ್ದು 2020ರಲ್ಲಿ ಸಿಕ್ಕಿತು.

ಖಡಕ್‌ವಾಸ್ಲಾ, ಪುಣೆ

ಎರಡು ತಿದ್ದುಪಡಿ, ಸಿಟ್ಟಾಗಬ್ಯಾಡ್ರಿ. 'ಎಲ್ಲಾ ಚಂದ್ರರಿಗೂ' ಅನ್ನಬ್ಯಾಡ್ರಿ, 'ಬಂಧದೊಳಗ ಸಿಕ್ಕ ಚಂದ್ರರಿಗೆ' ಅನ್ರಿ. ಸಿಗದವರು ಹಳೆ ದಾರೀಲೆ ಹೋಗತಾರ. ಇನ್ನ 11 ಸೆಂ.ಮೀ. ವಿಷಯ. 2020ರಾಗ ಎರಡು ತಂಡ, ಒಂದು ಚಿತ್ರಗಳಿಂದ, ಇನ್ನೊಂದು ಕ್ಯಾಸಿನಿಯ ರೇಡಿಯೋ ಸಂಕೇತದಿಂದ, ಬ್ಯಾರೆ ಬ್ಯಾರೆ ಲೆಕ್ಕ ಮಾಡಿ ಒಂದೇ ಕಡೆ ಬಂದದ್ದು ದೊಡ್ಡ ಬಲ, ಒಪ್ಪತೀನಿ. ಆದರ 2022ರಾಗ ಬಂದ ಇನ್ನೊಂದು ಸ್ವತಂತ್ರ ಕಕ್ಷಾ ವಿಶ್ಲೇಷಣೆ ಟೈಟಾನಿಗೆ ಇದಕ್ಕಿಂತ ಬಹಳ ನಿಧಾನದ ವೇಗ ಕೊಟ್ಟೈತಿ. ಅದೇ ಕ್ಯಾಸಿನಿ ಮಾಹಿತಿ, ಬ್ಯಾರೆ ಹೊಂದಾಣಿಕೆ. ನಿಗಡಿಯವರು ಹೇಳಿದ ಆ 500 ಮೀಟರಿನ ಬಾಗು ಎಷ್ಟು ಸೂಕ್ಷ್ಮ ಅನ್ನೋದು ಇಲ್ಲೇ ಕಾಣತದ. ಮಕ್ಕಳ ಫಲಕದ ಮ್ಯಾಲ 11ನ್ನ ದೊಡ್ಡಕ್ಷರದಾಗ ಬರೀರಿ, ಕೆಳಗ 'ಇನ್ನೂ ಚರ್ಚೆಯಲ್ಲಿದೆ' ಅಂತ ಒಂದು ಸಾಲು ಹಾಕ್ರಿ.

ಸಯನ್ ಸರ್ಕಲ್, ಮುಂಬೈ

ಒಪ್ಪಿದೆ, 'ಎಲ್ಲಾ' ಎಂದದ್ದು ತಪ್ಪು. ಚರ್ಚೆಯ ಸಾಲೂ ಬೇಕು. 11 ನಿಂತರೆ ಅದರ ಪರಿಣಾಮ ಟೈಟಾನ್‌ಗೆ ಮಾತ್ರ ಅಲ್ಲ. ಶನಿಯ ಅಕ್ಷ 26.7 ಡಿಗ್ರಿ ವಾಲಿದೆ. ಟೈಟಾನ್ ಹೊರಗೆ ಸರಿದಂತೆ ಶನಿಯ ಅಕ್ಷ ಬುಗುರಿಯಂತೆ ಸುತ್ತುವ ಲಯ ಬದಲಾಗಿ, ನೆಪ್ಚೂನ್ ಕಕ್ಷೆಯ ಲಯಕ್ಕೆ ಸಿಕ್ಕಿಬಿದ್ದು, ಶನಿ ವಾಲುತ್ತಾ ಬಂತು ಎಂದು 2021ರಲ್ಲಿ ಸಾಯನ್‌ಫೆಸ್ಟ್ ಮತ್ತು ಸಂಗಡಿಗರು ವಾದಿಸಿದ್ದಾರೆ. ಒಂದು ಚಂದ್ರ ಸೆಂಟಿಮೀಟರ್ ಲೆಕ್ಕದಲ್ಲಿ ಸರಿದು ಇಡೀ ಗ್ರಹವನ್ನು ವಾಲಿಸುವುದು! ಅದಕ್ಕೇ ಈ ಅಂಕಿಯ ಮೇಲೆ ಇಷ್ಟು ಜಗ್ಗಾಟ.

ಮಾಂಡವಿ ತೀರ, ಪಣಜಿ

ಉಳಿದ ಇಬ್ಬರನ್ನು ಬಿಡಬೇಡಿ. ನೆಪ್ಚೂನಿನ ಟ್ರೈಟಾನ್ 3,54,800 ಕಿ.ಮೀ. ದೂರದಲ್ಲಿದ್ದೂ ಒಳಕ್ಕೆ ಬರುತ್ತಿದೆ, ಏಕೆಂದರೆ ಗ್ರಹ ತಿರುಗುವುದಕ್ಕೆ ಎದುರು ದಿಕ್ಕಿನಲ್ಲಿ ಸುತ್ತುತ್ತದೆ. ಉಬ್ಬು ಸದಾ ಅದರ ಹಿಂದೆ. ಒಡೆದುಹೋಗುವಷ್ಟು ಹತ್ತಿರ ಬರಲು ಸುಮಾರು 360 ಕೋಟಿ ವರ್ಷ ಎಂದು 1989ರ ಲೆಕ್ಕ. ಯುರೇನಸ್‌ನ ಮಿರಾಂಡಾ ಕಕ್ಷೆ 4.3 ಡಿಗ್ರಿ ಓರೆ, ನೆರೆಯ ದೊಡ್ಡ ಚಂದ್ರರದು ಒಂದು ಡಿಗ್ರಿಯೂ ಇಲ್ಲ. ಹಿಂದೊಮ್ಮೆ ಅಂಬ್ರಿಯೆಲ್ ಜೊತೆ 3:1 ಅನುರಣನೆಯಲ್ಲಿ ಸಿಕ್ಕಿ ತಪ್ಪಿಸಿಕೊಂಡ ಗುರುತು ಅದು. ಯುರೇನಸ್ ಶನಿಯಷ್ಟು ಚಪ್ಪಟೆ ಇಲ್ಲ, ಹಾಗಾಗಿ ಅಲ್ಲಿ ಚಂದ್ರರ ನಡುವಿನ ಅನುರಣನೆ ಕಳಚುವುದು ಸುಲಭ.

ನಿಗಡಿ ದುರ್ಬೀನು, ಪಿಂಪ್ರಿ-ಚಿಂಚವಡ

ಟೈಟಾನ್ ನಮ್ಮ ಕೈಗೆ ಎಟುಕುವುದಿಲ್ಲ. ಭೂಮಿಯಿಂದ ಆ 119 ಕಿ.ಮೀ. ಕಾಣುವುದು 0.017 ವಿಕಲೆ (ಒಂದು ವಿಕಲೆ ಅಂದರೆ ಡಿಗ್ರಿಯ 3,600ನೇ ಒಂದು ಭಾಗ), ಪುಣೆಯ ಒಳ್ಳೆಯ ರಾತ್ರಿಯಲ್ಲೂ ಗಾಳಿಯ ನಡುಕ ಅದರ ನೂರು ಪಟ್ಟು. ಗುರುವಿನ ಚಂದ್ರರು ಎಟುಕುತ್ತಾರೆ. ಸುಮಾರು ಆರು ವರ್ಷಕ್ಕೊಮ್ಮೆ ಭೂಮಿ, ಸೂರ್ಯ ಎರಡೂ ಆ ಚಂದ್ರರ ಕಕ್ಷೆಯ ಸಮತಲಕ್ಕೆ ಬರುತ್ತವೆ. ಆಗ ಒಬ್ಬರು ಇನ್ನೊಬ್ಬರನ್ನು ಮುಚ್ಚುತ್ತಾರೆ, ನೆರಳು ಬೀಳಿಸುತ್ತಾರೆ. 2009, 2014–15, 2021 ಆಯಿತು, ಮುಂದಿನದು 2026–27. 2027ರ ಫೆಬ್ರವರಿಯಲ್ಲಿ ಗುರು ಸೂರ್ಯನಿಗೆ ಎದುರು ಬರುತ್ತಾನೆ, ಮಳೆಗಾಲದ ಕಾಟವಿಲ್ಲ.

ಬೇಕಾದದ್ದು 6 ಅಥವಾ 8 ಇಂಚಿನ ದುರ್ಬೀನು, ಚಾಲಿತ ಸ್ಟ್ಯಾಂಡು, ಕಪ್ಪು-ಬಿಳುಪು ಸಿಮಾಸ್ ಕ್ಯಾಮೆರಾ. ಸೆಕೆಂಡಿಗೆ 10ರಿಂದ 20 ಚಿತ್ರ ಸಾಕು. ಘಟನೆಗೆ 10 ನಿಮಿಷ ಮುಂಚೆ ಶುರು, ಮುಗಿದು 10 ನಿಮಿಷದ ತನಕ ಮುಂದುವರಿಸಿ, ಬೆಳಕಿನ ಮೂಲಮಟ್ಟ ಸಿಗಬೇಕಾದರೆ ಅದು ಬೇಕೇ ಬೇಕು. ಘಟನೆಯಲ್ಲಿ ಇಲ್ಲದ ಮೂರನೇ ಚಂದ್ರ ಚೌಕಟ್ಟಿನೊಳಗೆ ಇರಲಿ, ತೆಳು ಮೋಡ ಹಾದರೆ ಹೋಲಿಸಲು ಅದೇ ಆಧಾರ. ಚಂದ್ರರ ಹೊಳಪು ಗರಿಷ್ಠದ ಮುಕ್ಕಾಲು ಮೀರದಂತೆ ಎಕ್ಸ್‌ಪೋಶರ್ ಇಡಿ. ತುಂಬಿ ಹರಿದ ಪಿಕ್ಸೆಲ್‌ನಲ್ಲಿ ಬೆಳಕಿನ ಇಳಿತ ಅಳೆಯಲಾಗುವುದಿಲ್ಲ, ಅಂಥ ದಾಖಲೆ ಉಪಯೋಗಕ್ಕೆ ಬಾರದು.

ಕೆಡುವುದು ಹೆಚ್ಚಾಗಿ ಸಮಯದಲ್ಲಿ. ಲ್ಯಾಪ್‌ಟಾಪ್ ಗಡಿಯಾರ ಒಂದು ರಾತ್ರಿಯಲ್ಲೇ ಸೆಕೆಂಡ್ ಲೆಕ್ಕದಲ್ಲಿ ಓಡಬಹುದು, ಪ್ರತಿ ಚಿತ್ರಕ್ಕೂ ಜಿಪಿಎಸ್ ಸಮಯ ಮುದ್ರೆ ಬೇಕು. ಎರಡನೆಯದು ಕಾಲಮಾನ. ಕಕ್ಷಾ ಕೋಷ್ಟಕಗಳು ಹಲವು ಬಾರಿ ಭೂಮಿಕಾಲ ಎಂಬ ಮಾನದಲ್ಲಿರುತ್ತವೆ, ಅದು ಯುಟಿಸಿಗಿಂತ (ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯ) 69.18 ಸೆಕೆಂಡ್ ಮುಂದೆ. ನಾವು ಹುಡುಕುವುದು ಶತಮಾನಕ್ಕೆ ಅಯೋದ 3 ಸೆಕೆಂಡ್, ಗ್ಯಾನಿಮೀಡ್‌ನ 33 ಸೆಕೆಂಡ್. ಒಂದು ಕಾಲಮಾನದ ಗೊಂದಲ ಎರಡನ್ನೂ ನುಂಗಿಹಾಕುತ್ತದೆ. ದಾಖಲೆಯನ್ನು ಯುಟಿಸಿಯಲ್ಲೇ ಇಡಿ, ಭಾರತೀಯ ಸಮಯಕ್ಕೆ ಬದಲಾಯಿಸಲೇ ಬೇಡಿ.

ಮುಂಬೈಯವರಿಗೆ ಒಂದು ಮಾತು: ಸಮುದ್ರದ ಕಡೆ ಗುರು ಇಳಿಯುವ ಹೊತ್ತಿನ ಘಟನೆಗಳನ್ನು ಬಿಟ್ಟುಬಿಡಿ, ಗುರು ದಿಗಂತದ ಮೇಲೆ 25 ಡಿಗ್ರಿಗಿಂತ ತಗ್ಗಿದ್ದರೆ ಮಬ್ಬು ಅದರ ಬೆಳಕನ್ನು ತಿನ್ನುತ್ತದೆ.

ಸುಮತಿ, ಡೊಂಬಿವಲಿ

ತಿದ್ದಿದ ಫಲಕ ಹೀಗಿದೆ, ತಪ್ಪಿದ್ದರೆ ನಾಳೆ ಮುದ್ರಣಕ್ಕೆ ಹೋಗುವ ಮುಂಚೆ ಹೇಳಿ.

ನಮ್ಮ ಚಂದ್ರ: ವರ್ಷಕ್ಕೆ 3.8 ಸೆಂ.ಮೀ. ಹೊರಕ್ಕೆ.
ಅಯೋ: 0.4 ಸೆಂ.ಮೀ. ಒಳಕ್ಕೆ. ಗುರು ಒಬ್ಬನೇ ಇದ್ದಿದ್ದರೆ 12 ಸೆಂ.ಮೀ. ಹೊರಕ್ಕೆ ಹೋಗುತ್ತಿತ್ತು.
ಯುರೋಪಾ: 1.9 ಸೆಂ.ಮೀ. ಹೊರಕ್ಕೆ.
ಗ್ಯಾನಿಮೀಡ್: 11 ಸೆಂ.ಮೀ. ಹೊರಕ್ಕೆ.
ಟೈಟಾನ್: 11 ಸೆಂ.ಮೀ. ಹೊರಕ್ಕೆ. ಇನ್ನೂ ಚರ್ಚೆಯಲ್ಲಿದೆ.
ಟ್ರೈಟಾನ್: ಒಳಕ್ಕೆ. ಎದುರು ದಿಕ್ಕಿನ ಸುತ್ತು.

ನಡುವೆ ಗುರುವಿನ ಚಿತ್ರ, ಉಬ್ಬಿನ ತುದಿಗೆ '25 ಮೀಟರ್ ಎತ್ತರ, 1 ಕಿ.ಮೀ. ಮುಂದೆ'. ಪಕ್ಕದಲ್ಲಿ ಪಣಜಿ, ಮುಂಬೈ, ಭಾವನಗರ ಮೂರು ಕಂಬ: 2, 4.5, 10.

ಖಡಕ್‌ವಾಸ್ಲಾ, ಪುಣೆ

ಅಯೋ ಸಾಲಿನಾಗ 'ಗುರು ಒಬ್ಬನೇ ಇದ್ದಿದ್ದರೆ' ಅಂದರ ಯಾರಿಲ್ಲದಿದ್ದರ ಅನ್ನೋದು ಮಕ್ಕಳಿಗೆ ತಿಳಿಯಂಗಿಲ್ರಿ. 'ಯುರೋಪಾ, ಗ್ಯಾನಿಮೀಡ್ ಇಲ್ಲದೆ, ಗುರುವಿನ ಉಬ್ಬು ಮಾತ್ರ ತಳ್ಳಿದ್ದರೆ' ಅಂತ ಮಾಡ್ರಿ. ಉಳಿದದ್ದೆಲ್ಲಾ ಸರಿ ಐತಿ.